ಚಿಗರಿಗೆ ಬಿಟ್ಟ ಹೊಲ, ಸಹಿಗೆ ಬಂದ ಕಾಗದ

ಖಾಸಗಿ ಜಮೀನಿನಲ್ಲಿ ವನ್ಯಜೀವಿಗಳಿಗೆ ನೆಲೆ ಉಳಿಸಿಕೊಡುವ ಸ್ವಯಂಪ್ರೇರಿತ ಒಪ್ಪಂದಗಳ ಬಗ್ಗೆ ಕೊಪ್ಪಳ, ಬಳ್ಳಾರಿ ಮತ್ತು ರಾಯಚೂರು ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಳ್ಳಲಾಗಿದೆ. ಓದುಗರ ಹೆಸರು ಮತ್ತು ಊರುಗಳನ್ನು ಬಿಟ್ಟು ತಾಲ್ಲೂಕನ್ನಷ್ಟೇ ಕೊಡಲಾಗಿದೆ.

ಪ್ರಶ್ನೆ: ನಮ್ಮದು ಹದಿನಾಲ್ಕು ಎಕರೆ ಎರೆ ಹೊಲ. ಹಳ್ಳದ ಮಗ್ಗುಲಿನ ಮೂರು ಎಕರೆಯಲ್ಲಿ ಸವಳು ಹೆಚ್ಚಾಗಿರುವುದರಿಂದ ಹಲವು ವರ್ಷಗಳಿಂದ ಬಿತ್ತಿಲ್ಲ. ಅಲ್ಲಿ ಚಿಗರಿಯ (ಕೃಷ್ಣಮೃಗದ) ಹಿಂಡು ಬಂದು ನಿಲ್ಲುತ್ತದೆ. ಈಗ ಒಂದು ಸಂಸ್ಥೆಯವರು ಬಂದು, ಆ ಮೂರು ಎಕರೆಯನ್ನು ಹತ್ತು ವರ್ಷ ಹಾಗೆಯೇ ಬಿಟ್ಟರೆ ವರ್ಷಕ್ಕೊಮ್ಮೆ ಹಣ ಕೊಡುವುದಾಗಿ ಹೇಳಿ ಕರಾರಿನ ಕರಡನ್ನು ಕೊಟ್ಟು ಹೋಗಿದ್ದಾರೆ. ಅಮೆರಿಕದಲ್ಲಿ ರೈತರು ಸರ್ಕಾರದೊಂದಿಗೇ ಇಂತಹ ಒಪ್ಪಂದ ಮಾಡಿಕೊಳ್ಳುತ್ತಾರೆಂದು ಮಗ ಹೇಳುತ್ತಾನೆ. ಸಹಿ ಹಾಕಿದರೆ ಜಮೀನು ಅರಣ್ಯ ಇಲಾಖೆಯ ಪಾಲಾಗುತ್ತದೆಂದು ಊರಿನವರು ಹೆದರಿಸುತ್ತಿದ್ದಾರೆ. ಯಾವುದು ನಿಜ? (ಕುಕನೂರು ತಾಲ್ಲೂಕು)

ಉತ್ತರ: ಊರಿನವರ ಹೆದರಿಕೆಗೆ ಆಧಾರವಿಲ್ಲ. ನೀವು ಮತ್ತು ಒಂದು ಖಾಸಗಿ ಸಂಸ್ಥೆ ಮಾಡಿಕೊಳ್ಳುವ ಕರಾರಿನಿಂದ ಜಮೀನಿನ ಒಡೆತನ ಬದಲಾಗುವುದಿಲ್ಲ, ಪಹಣಿಯಲ್ಲಿ ನಿಮ್ಮ ಹೆಸರೇ ಮುಂದುವರಿಯುತ್ತದೆ. ಒಂದು ಪ್ರದೇಶವನ್ನು ವನ್ಯಧಾಮವನ್ನಾಗಿ ಮಾಡಿ ಅದರೊಳಗಿನ ಖಾಸಗಿ ಜಮೀನನ್ನು ಸರ್ಕಾರ ಪಡೆಯಬೇಕಾದರೆ 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ಪ್ರಕಾರ ಅಧಿಸೂಚನೆ ಹೊರಡಿಸಿ, ಹಕ್ಕುಗಳ ವಿಚಾರಣೆ ನಡೆಸಿ, ಪರಿಹಾರವನ್ನು ನಿಗದಿಪಡಿಸಬೇಕು. ಹೊಲದಲ್ಲಿ ಚಿಗರಿ ನಿಂತಿತೆಂಬ ಕಾರಣಕ್ಕಾಗಲೀ, ಅದನ್ನು ಓಡಿಸುವುದಿಲ್ಲವೆಂದು ನೀವು ಬರೆದುಕೊಟ್ಟ ಕಾರಣಕ್ಕಾಗಲೀ ಇಷ್ಟೆಲ್ಲವೂ ತಾನಾಗಿ ನಡೆದುಹೋಗುವುದಿಲ್ಲ.

ನಿಮ್ಮ ಮಗ ಹೇಳಿದ್ದೂ ಸರಿಯೇ. ಆದರೆ ಅಮೆರಿಕದ ಒಪ್ಪಂದಗಳು ಅಲ್ಲಿನ ಕಾನೂನು ಹುಟ್ಟಿಸಿದ ಒಂದು ತೊಡಕನ್ನು ಬಿಡಿಸಲು ಬಂದವು. ಅಲ್ಲಿನ 1973ರ ಅಳಿವಿನಂಚಿನ ಜೀವಿಗಳ ಕಾಯ್ದೆಯಡಿ, ಪಟ್ಟಿಯಲ್ಲಿರುವ ಪ್ರಾಣಿಗೆ ಸಾವುನೋವು ಉಂಟಾಗುವಂತೆ ಅದರ ನೆಲೆಯನ್ನು ಹಾಳುಮಾಡುವುದೂ ಅಪರಾಧವಾಗಬಹುದಿತ್ತು, ಜಮೀನು ಖಾಸಗಿಯವರದ್ದಾಗಿದ್ದರೂ ಸಹ. ರೆಡ್-ಕಾಕೇಡೆಡ್ ವುಡ್‌ಪೆಕರ್ ಎಂಬ, ತಲೆಯ ಪಕ್ಕ ಕೆಂಪು ಗೆರೆಯಿರುವ ಮರಕುಟಿಗವೊಂದು ಹಳೆಯ ಪೈನ್ ಮರಗಳಲ್ಲಿ, ಅದೂ ಜೀವಂತ ಮರಗಳಲ್ಲಿ, ಗೂಡು ಕೊರೆಯುತ್ತದೆ. ಅದು ಬಂದು ನೆಲೆಸಿದರೆ ಮರ ಕಡಿಯುವ ಹಕ್ಕಿಗೇ ಕುತ್ತು ಬರುತ್ತದೆಂದು ಅಂಜಿದ ಮಾಲೀಕರು ಮರ ಬಲಿಯುವ ಮೊದಲೇ ಕಡಿದು ಮಾರತೊಡಗಿದರು. ರಕ್ಷಿಸಲು ಮಾಡಿದ ಕಾನೂನೇ ಹಕ್ಕಿಯ ಮನೆಯನ್ನು ಮುಂಚಿತವಾಗಿ ಕಡಿಸಿಹಾಕುವ ಸ್ಥಿತಿ ಬಂದಿತು. ಇದಕ್ಕೆ ಪರಿಹಾರವಾಗಿ 1995ರಲ್ಲಿ ಉತ್ತರ ಕೆರೊಲಿನಾ ರಾಜ್ಯದ ಸ್ಯಾಂಡ್‌ಹಿಲ್ಸ್ ಪ್ರದೇಶದಲ್ಲಿ ‘ಸೇಫ್ ಹಾರ್ಬರ್’ ಎಂಬ ಒಪ್ಪಂದ ಜಾರಿಗೆ ಬಂದಿತು. ಒಪ್ಪಂದದ ದಿನ ಜಮೀನಿನಲ್ಲಿ ಎಷ್ಟು ಹಕ್ಕಿಗಳಿವೆ, ಎಂತಹ ನೆಲೆಯಿದೆ ಎಂಬುದನ್ನು ದಾಖಲಿಸಿ, ಅದನ್ನು ಆರಂಭಿಕ ಸ್ಥಿತಿಯೆಂದು ಸರ್ಕಾರವೂ ಮಾಲೀಕನೂ ಒಪ್ಪುತ್ತಾರೆ. ಮಾಲೀಕನು ಹಕ್ಕಿಗೆ ಅನುಕೂಲ ಮಾಡಿಕೊಟ್ಟು ಸಂಖ್ಯೆ ಹೆಚ್ಚಿದರೆ, ಹೆಚ್ಚಿದ್ದಕ್ಕಾಗಿ ಅವನ ಮೇಲೆ ಹೊಸ ನಿರ್ಬಂಧಗಳು ಬೀಳುವುದಿಲ್ಲ. ಬೇಕಾದರೆ ಜಮೀನನ್ನು ಆರಂಭಿಕ ಸ್ಥಿತಿಗೆ ಮರಳಿಸುವ ಅನುಮತಿಯೂ ಅವನಿಗಿರುತ್ತದೆ. ಪಟ್ಟಿಗೆ ಇನ್ನೂ ಸೇರದ ಜೀವಿಗಳಿಗಾಗಿ 1999ರಲ್ಲಿ ಮತ್ತೊಂದು ಬಗೆಯ ಒಪ್ಪಂದ ಬಂದಿತು, 2024ರಲ್ಲಿ ಎರಡನ್ನೂ ಒಂದುಗೂಡಿಸಲಾಯಿತು. ಅದೇ ವರ್ಷ ಆ ಮರಕುಟಿಗವನ್ನು ಅಳಿವಿನಂಚಿನ ದರ್ಜೆಯಿಂದ ಒಂದು ಮೆಟ್ಟಿಲು ಕೆಳಗಿನ ಅಪಾಯದ ದರ್ಜೆಗೆ ಇಳಿಸಲಾಯಿತು.

ಕುಕನೂರಿನ ರೈತನಿಗೆ ಈ ಭಯವೇ ಇಲ್ಲ. ಸಂರಕ್ಷಿತ ಪ್ರದೇಶಗಳ ಹೊರಗೆ ನಿಮ್ಮ ಹೊಲವನ್ನು ಉಳುವುದನ್ನು, ಬಿತ್ತುವುದನ್ನು, ಬೀಳು ಒಡೆದು ಸಾಗು ಮಾಡುವುದನ್ನು ನಮ್ಮ ವನ್ಯಜೀವಿ ಕಾಯ್ದೆ ತಡೆಯುವುದಿಲ್ಲ. ಅದು ತಡೆಯುವುದು ಬೇಟೆಯನ್ನು. ಚಿಗರಿ ಆ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿರುವ ಪ್ರಾಣಿ. ಬೆಳೆ ತಿಂದಿತೆಂಬ ಕಾರಣಕ್ಕೆ ಆ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರೂ ಅನುಮತಿ ಕೊಡುವಂತಿಲ್ಲ. ಹಾಗಾಗಿ ನಿಮ್ಮ ಕಷ್ಟ ಇರುವುದು ಕಾನೂನಿನಲ್ಲಲ್ಲ, ಬೆಳೆಯಲ್ಲಿ. ಮುಂಗಾರಿನ ಹೆಸರು ಎರಡೆಲೆ ಒಡೆಯುವ ಹೊತ್ತಿಗೆ, ಹಿಂಗಾರಿನ ಕಡಲೆ ಚಿಗುರುವ ಹೊತ್ತಿಗೆ ಹಿಂಡು ಹೊಲಕ್ಕಿಳಿಯುತ್ತದೆ. ಅಮೆರಿಕದ ಕರಾರು ಭಯವನ್ನು ತೆಗೆದರೆ ಸಾಕಿತ್ತು. ಇಲ್ಲಿನ ಕರಾರು ನಷ್ಟವನ್ನು ಭರಿಸದಿದ್ದರೆ ಅದರಿಂದ ಏನೂ ಉಪಯೋಗವಿಲ್ಲ.

ಈ ದೃಷ್ಟಿಯಿಂದ ನೋಡಿದಾಗ ನೀವು ಕಳುಹಿಸಿದ ಕರಡಿನಲ್ಲಿ ದೊಡ್ಡ ಲೋಪವೊಂದು ಕಾಣುತ್ತದೆ. ಸಂಸ್ಥೆಯು ಹಣ ಕೊಡುವುದು ಹೇಗೂ ಬೆಳೆ ಬಾರದ ಮೂರು ಎಕರೆ ಸವಳು ನೆಲಕ್ಕೆ. ಆದರೆ ಅಲ್ಲಿ ನೆರಳಿಗೆ ನಿಂತ ಹಿಂಡು ಮೇಯುವುದು ಉಳಿದ ಹನ್ನೊಂದು ಎಕರೆಯಲ್ಲಿ ಮತ್ತು ಬದುವಿನ ಆಚೆಯ ಹೊಲಗಳಲ್ಲಿ. ಹಿಂಡು ನೆಮ್ಮದಿಯಾಗಿ ನೆಲೆ ನಿಂತಷ್ಟೂ ಆ ನಷ್ಟ ಹೆಚ್ಚುತ್ತದೆ, ಕರಡಿನಲ್ಲಿ ಅದರ ಮಾತೇ ಇಲ್ಲ. ನೆರೆಯವರಿಗೆ ಒಂದು ರೂಪಾಯಿಯೂ ಸಿಗದೆ ನಿಮಗೆ ಮಾತ್ರ ವರ್ಷಕ್ಕೊಮ್ಮೆ ಹಣ ಬಂದರೆ ಊರಿನಲ್ಲಿ ನಿಮ್ಮ ಸ್ಥಿತಿ ಏನಾಗುತ್ತದೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಆದ್ದರಿಂದ ಎರಡು ಬಗೆಯ ಪಾವತಿಯನ್ನು ಕೇಳಿರಿ: ಬಿಟ್ಟ ನೆಲಕ್ಕೆ ಒಂದು ನಿಗದಿತ ಮೊತ್ತ, ಸುತ್ತಲಿನ ಹೊಲಗಳಲ್ಲಿ ಆದ ಹಾನಿಗೆ, ರಾಶಿಯಾದ ಮೇಲೆ ಹಿಂಡು ಮುಟ್ಟದ ಹೊಲದ ಇಳುವರಿಯೊಂದಿಗೆ ಹೋಲಿಸಿ ಕ್ವಿಂಟಲ್ ಲೆಕ್ಕದಲ್ಲಿ ಕೊಡುವ ಮೊತ್ತ. ಹೋಲಿಕೆಗೆ ಯಾರ ಹೊಲವನ್ನು ಹಿಡಿಯಬೇಕೆಂಬುದನ್ನು ಬಿತ್ತನೆಗೆ ಮೊದಲೇ ಬರೆದಿಡಬೇಕು, ರಾಶಿಯಾದ ಮೇಲೆ ಆರಿಸಲು ಹೊರಟರೆ ಜಗಳವೇ ಆಗುತ್ತದೆ.

ಕರಡಿನ ಇನ್ನೊಂದು ವಾಕ್ಯವೂ ಗಮನಿಸತಕ್ಕದ್ದು. ನೀವು ಹತ್ತು ವರ್ಷ ಬಿತ್ತುವಂತಿಲ್ಲ ಎಂಬುದು ಖಚಿತವಾಗಿದೆ, ಸಂಸ್ಥೆ ಹಣ ಕೊಡುವುದು ಮಾತ್ರ ‘ಅನುದಾನದ ಲಭ್ಯತೆಗೆ ಒಳಪಟ್ಟು’ ಎಂದಿದೆ. ಅಂದರೆ ಕಟ್ಟುಬೀಳುವವರು ನೀವೊಬ್ಬರೇ. ಯಾವ ತಿಂಗಳಿನೊಳಗೆ ಹಣ ಬರಬೇಕು, ಬಾರದಿದ್ದರೆ ಎಷ್ಟು ದಿನಗಳಲ್ಲಿ ಕರಾರು ತಾನಾಗಿ ಮುಗಿಯುತ್ತದೆ, ನೀವಾಗಿ ಹೊರಬರಬೇಕಾದರೆ ಎಷ್ಟು ಮುಂಚಿತವಾಗಿ ತಿಳಿಸಬೇಕು ಎಂಬುದನ್ನು ಬರೆಸದೆ ಸಹಿ ಹಾಕಬೇಡಿರಿ. ಮೊದಲ ಸಲ ಹತ್ತು ವರ್ಷದ ಬದಲು ಎರಡು ಹಂಗಾಮಿಗೆ ಒಪ್ಪಿಕೊಳ್ಳುವುದು ಲೇಸೆಂಬುದು ನನ್ನ ಅಭಿಪ್ರಾಯ. ಪಹಣಿಯಲ್ಲಿ ಬ್ಯಾಂಕಿನ ಬೋಜಾ ಇದ್ದರೆ ಸಾಲದ ಪತ್ರದ ಷರತ್ತುಗಳನ್ನೂ ಒಮ್ಮೆ ಓದಿಸಿ ನೋಡಿರಿ.

ಆರಂಭಿಕ ಸ್ಥಿತಿಯನ್ನು ದಾಖಲಿಸುವ ಅಮೆರಿಕದ ಪದ್ಧತಿಯನ್ನು ಮಾತ್ರ ನಾವು ಹಾಗೆಯೇ ತೆಗೆದುಕೊಳ್ಳಬಹುದು. ಸಹಿಯ ದಿನ ಆ ಮೂರು ಎಕರೆಯಲ್ಲಿ ಹುಲ್ಲು ಎಷ್ಟಿದೆ, ಬಳ್ಳಾರಿ ಜಾಲಿ ಎಷ್ಟು ಹರಡಿದೆ ಎಂಬುದನ್ನು ಫೋಟೊ ಸಮೇತ ಇಬ್ಬರೂ ಇಟ್ಟುಕೊಳ್ಳಬೇಕು. ಜಾಲಿಯ ಮಾತು ಬಂದದ್ದರಿಂದ ಒಂದು ವಿಷಯ ಹೇಳಬೇಕು. ‘ಸಂರಕ್ಷಣೆ’ ಎಂದೊಡನೆ ಸಸಿ ನೆಡುವ ಷರತ್ತನ್ನು ಸೇರಿಸುವ ಅಭ್ಯಾಸ ಅನೇಕ ಸಂಸ್ಥೆಗಳಿಗಿದೆ, ನಿಮ್ಮ ಕರಡಿನಲ್ಲೂ ಅದಿದೆ. ಚಿಗರಿ ಬಯಲಿನ ಪ್ರಾಣಿ. ದೂರದಿಂದಲೇ ಶತ್ರುವನ್ನು ಕಂಡು ಓಡಿ ಪಾರಾಗುವ ಅದಕ್ಕೆ ಬೇಕಾಗಿರುವುದು ಹುಲ್ಲು ಮತ್ತು ತೆರೆದ ನೋಟ. ಅಲ್ಲಿ ಗಿಡ ನೆಡುವುದಕ್ಕಿಂತ ಇರುವ ಜಾಲಿಯನ್ನು ಬೇರುಸಹಿತ ಕೀಳುವುದು ಹೆಚ್ಚು ಉಪಕಾರ. ಸಸಿಯ ಷರತ್ತನ್ನು ತೆಗೆಸಿ, ಜಾಲಿ ಕೀಳುವ ಖರ್ಚನ್ನು ಸಂಸ್ಥೆಯ ಲೆಕ್ಕಕ್ಕೆ ಹಾಕಿಸಿರಿ.

ಪ್ರಶ್ನೆ: ನಾವು ಮೂವರು ಅಣ್ಣತಮ್ಮಂದಿರಿಗೆ ಸೇರಿದ ಸುಮಾರು ನಲವತ್ತು ಎಕರೆ ಮಸಾರಿ ನೆಲ ಗುಡ್ಡದ ಬುಡದಲ್ಲಿದೆ, ವಾಟ್ನಿ (ಪಾಲು) ಇನ್ನೂ ಆಗಿಲ್ಲ. ಅಲ್ಲಿ ತೋಳಗಳು ಮರಿ ಹಾಕುತ್ತವೆ. ಬಂಕಾಪುರದಲ್ಲಿ ತೋಳಗಳಿಗೆ ವನ್ಯಧಾಮ ಆಗಿರುವಂತೆ ನಮ್ಮ ಜಮೀನನ್ನು ಸರ್ಕಾರದಿಂದಲೇ ಸಮುದಾಯ ಮೀಸಲು ಎಂದು ಘೋಷಿಸಿಕೊಳ್ಳಬಹುದೇ? ಅದರಿಂದ ನಮಗೇನು ಲಾಭ? (ಗಂಗಾವತಿ ತಾಲ್ಲೂಕು)

ಉತ್ತರ: ಘೋಷಿಸಿಕೊಳ್ಳಬಹುದು. ಬಂಕಾಪುರದ ವನ್ಯಧಾಮಕ್ಕೂ ನೀವು ಕೇಳುತ್ತಿರುವುದಕ್ಕೂ ಕಾನೂನಿನಲ್ಲಿ ಬೇರೆ ಬೇರೆ ದಾರಿಗಳಿವೆ. 2002ರ ತಿದ್ದುಪಡಿಯು ವನ್ಯಜೀವಿ ಕಾಯ್ದೆಗೆ ಎರಡು ಹೊಸ ವರ್ಗಗಳನ್ನು ಸೇರಿಸಿತು. ಸರ್ಕಾರಿ ಒಡೆತನದ ಪ್ರದೇಶಗಳಿಗೆ ಸಂರಕ್ಷಣಾ ಮೀಸಲು. ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ ಸುಮಾರು 34 ಕಿಲೋಮೀಟರ್ ಉದ್ದದ ಹರಿವನ್ನು ನೀರುನಾಯಿಗಳಿಗಾಗಿ 2015ರಲ್ಲಿ ಘೋಷಿಸಿದ್ದು ಈ ವರ್ಗದಲ್ಲಿ. ಸ್ವಂತ ಇಚ್ಛೆಯಿಂದ ಮುಂದೆ ಬಂದ ಸಮುದಾಯ ಅಥವಾ ವ್ಯಕ್ತಿಯ ಜಮೀನಿಗೆ ಸಮುದಾಯ ಮೀಸಲು, ಇದು 36ಸಿ ಪ್ರಕರಣ. ದೇಶದಲ್ಲಿ ಇಂತಹವು ಇನ್ನೂರಕ್ಕೂ ಹೆಚ್ಚಿದ್ದರೂ ಬಹುಪಾಲು ನಾಗಾಲ್ಯಾಂಡ್ ಮತ್ತು ಮೇಘಾಲಯದಲ್ಲಿವೆ. ನಮ್ಮ ರಾಜ್ಯದಲ್ಲಿ ಎಲ್ಲರೂ ಬಲ್ಲ ಉದಾಹರಣೆಯೆಂದರೆ 2007ರಲ್ಲಿ ಘೋಷಣೆಯಾದ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಊರಿನ ಮನೆಗಳ ನಡುವಿನ ಮರಗಳಲ್ಲಿ. ಗೂಡಿರುವಾಗ ಹುಣಸೆ ಬಡಿಯಲಾಗದ ಮಾಲೀಕರಿಗೆ ಅರಣ್ಯ ಇಲಾಖೆ ಹಣ ಕೊಡುವ ಏರ್ಪಾಡು ಘೋಷಣೆಗಿಂತ ಮೊದಲಿನಿಂದಲೇ ಇತ್ತು. ನನ್ನ ತಿಳಿವಳಿಕೆಯಂತೆ ಆ ಊರಿನಲ್ಲಿ ಹಕ್ಕಿಗಳು ಉಳಿದದ್ದು ಅಧಿಸೂಚನೆಗಿಂತ ಹೆಚ್ಚಾಗಿ ಊರಿನವರ ಒಲವಿನಿಂದ ಮತ್ತು ಆ ಏರ್ಪಾಡಿನಿಂದ.

ಖಾಸಗಿ ಜಮೀನಿನ ಮಾಲೀಕರಿಗೆ ಮೊದಲಿದ್ದ ಒಂದು ತೊಡಕು ಈಗ ನಿವಾರಣೆಯಾಗಿದೆ. ಆಡಳಿತ ಸಮಿತಿಯಲ್ಲಿ ಪಂಚಾಯಿತಿ ಸೂಚಿಸಿದ ಐವರು ಮತ್ತು ಇಲಾಖೆಯ ಒಬ್ಬರು ಇರಬೇಕೆಂದಿತ್ತೇ ಹೊರತು ಮಾಲೀಕನಿಗೆ ಅವನದೇ ಆದ ಸ್ಥಾನವಿರಲಿಲ್ಲ. 2022ರ ತಿದ್ದುಪಡಿಯಂತೆ ಖಾಸಗಿ ಜಮೀನಿನ ಮೀಸಲಿಗೆ ಮಾಲೀಕ, ಇಲಾಖೆಯ ಪ್ರತಿನಿಧಿ ಮತ್ತು ಪಂಚಾಯಿತಿಯ ಪ್ರತಿನಿಧಿ ಸೇರಿದ ಸಮಿತಿ ಇರುತ್ತದೆ.

ಇಷ್ಟು ತಿಳಿದ ಮೇಲೂ ನಾನು ನಿಮಗೆ ಅವಸರ ಬೇಡವೆಂದೇ ಹೇಳುತ್ತೇನೆ. ಘೋಷಣೆಯಾದ ಬಳಿಕ ಜಮೀನಿನ ಬಳಕೆಯನ್ನು ಬದಲಿಸಬೇಕಾದರೆ ಸಮಿತಿಯ ನಿರ್ಣಯವೂ ರಾಜ್ಯ ಸರ್ಕಾರದ ಒಪ್ಪಿಗೆಯೂ ಬೇಕು. ಇಂದು ಶೇಂಗಾ ಹಾಕುವ ನೆಲದಲ್ಲಿ ನಾಳೆ ದಾಳಿಂಬೆ ತೋಟ ಮಾಡುವುದು ಅಥವಾ ಸೌರಫಲಕಗಳಿಗೆ ಕೊಡುವುದು ಬಳಕೆಯ ಬದಲಾವಣೆಯೇ ಎಂಬ ಪ್ರಶ್ನೆ ಎದ್ದರೆ ತೀರ್ಮಾನ ನಿಮ್ಮೊಬ್ಬರ ಕೈಯಲ್ಲಿರುವುದಿಲ್ಲ. ವನ್ಯಧಾಮಗಳಿಗೆ ಅನ್ವಯಿಸುವ ಕೆಲವು ಪ್ರಕರಣಗಳು ಸಮುದಾಯ ಮೀಸಲಿಗೂ ಅನ್ವಯಿಸುತ್ತವೆ. ಅವುಗಳಲ್ಲಿ 30ನೆಯದು ಬೆಂಕಿ ಹಚ್ಚುವುದನ್ನೂ 32ನೆಯದು ವನ್ಯಜೀವಿಗಳಿಗೆ ಅಪಾಯ ತರಬಹುದಾದ ರಾಸಾಯನಿಕಗಳ ಬಳಕೆಯನ್ನೂ ನಿಷೇಧಿಸುತ್ತವೆ. ಹತ್ತಿ ಕಟ್ಟಿಗೆಯನ್ನು ಹೊಲದಲ್ಲೇ ಸುಡುವ, ಹಂಗಾಮಿಗೆ ಹಲವು ಸಲ ಔಷಧಿ ಹೊಡೆಯುವ ನಮ್ಮ ಬೇಸಾಯಕ್ಕೆ ಇವು ಸಣ್ಣ ಷರತ್ತುಗಳಲ್ಲ. ಮುಂದೊಮ್ಮೆ ಬೇಡವೆನಿಸಿದರೆ ಹೊರಬರುವುದು ಹೇಗೆಂಬುದನ್ನು 36ಸಿ ಪ್ರಕರಣ ಬಿಡಿಸಿ ಹೇಳುವುದಿಲ್ಲ. ಲಾಭವೇನೆಂದು ಕೇಳಿದ್ದೀರಿ. ಘೋಷಣೆಯಾದೊಡನೆ ಮಾಲೀಕನಿಗೆ ಪ್ರತಿವರ್ಷ ಇಂತಿಷ್ಟು ಹಣ ಬರಬೇಕೆಂದು ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ.

ಆದ್ದರಿಂದ ನಲವತ್ತೂ ಎಕರೆಯನ್ನು ಒಪ್ಪಿಸುವ ಬದಲು, ಬೇಸಾಯಕ್ಕೆ ಬಾರದ ಕಲ್ಲುಭಾಗವನ್ನಷ್ಟೇ ಸರ್ವೆ ಮಾಡಿಸಿ ಪ್ರತ್ಯೇಕ ಹಿಸ್ಸಾ ಮಾಡಿಕೊಂಡು ಆಮೇಲೆ ಯೋಚಿಸುವುದು ಸುರಕ್ಷಿತ. ಅದಕ್ಕೆ ಮೊದಲು ವಾಟ್ನಿಯಾಗಬೇಕು, ಇಲ್ಲವಾದರೆ ಮೂವರ ಜೊತೆಗೆ ಹಕ್ಕುಳ್ಳ ಅಕ್ಕತಂಗಿಯರ ಸಹಿಯೂ ಬೇಕಾಗುತ್ತದೆ.

ನಿಮ್ಮ ಪತ್ರದಲ್ಲಿ ಕುರಿಗಾಹಿಗಳ ಪ್ರಸ್ತಾಪವೇ ಇಲ್ಲದಿರುವುದು ನನಗೆ ಆಶ್ಚರ್ಯ ತಂದಿತು. ತೋಳ ಬದುಕುವುದು ನಿಮ್ಮ ನೆಲದಲ್ಲಿ, ಆದರೆ ಬಹುಮಟ್ಟಿಗೆ ಉಣ್ಣುವುದು ಅವರ ಹಟ್ಟಿಯಲ್ಲಿ. ಗವಿಗೆ ಹೊಗೆ ಹಾಕಿ ಮರಿಗಳನ್ನು ಕೊಲ್ಲಬಲ್ಲವರೂ ಅವರೇ, ಮರಿಯಿರುವ ದಿನಗಳಲ್ಲಿ ಹಿಂಡನ್ನು ಆ ಕಡೆ ಬಿಡದೆ ಕಾಪಾಡಬಲ್ಲವರೂ ಅವರೇ. ಚಳಿಗಾಲದಲ್ಲಿ ಮರಿಗಳು ಗವಿಯಲ್ಲಿರುವಷ್ಟು ಕಾಲ ಅತ್ತ ಮೇಯಿಸದಿರಲು ಅವರೊಂದಿಗೆ ಮಾತಾಗಿ, ಸತ್ತ ಕುರಿಗೆ ಬೇಗನೆ ಹಣ ಸಿಗುವ ವ್ಯವಸ್ಥೆಯೊಂದನ್ನು ಮಾಡಿದರೆ ಅದು ಅಧಿಸೂಚನೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಜಮೀನಿನ ಮಾಲೀಕನೊಂದಿಗೆ ಮಾತ್ರ ಮಾಡಿಕೊಂಡ ಯಾವ ಕರಾರೂ ತೋಳದ ವಿಷಯದಲ್ಲಿ ಪೂರ್ಣವಲ್ಲ.

ಪ್ರಶ್ನೆ: ನನ್ನ ಹೆಸರಿನಲ್ಲಿರುವ ಹೊಲದಲ್ಲಿ ದೊಡ್ಡ ಹಕ್ಕಿಯೊಂದು ನೆಲದ ಮೇಲೆಯೇ ಕೂತು ಕಾವು ಕೊಡುವುದನ್ನು ನಮ್ಮ ಆಳು ಕಂಡಿದ್ದಾನೆ. ಹಿರಿಯರು ಅದನ್ನು ಎರ್ಲಡ್ಡು ಎನ್ನುತ್ತಾರೆ. ಇಲಾಖೆಗೆ ತಿಳಿಸಿದರೆ ಹೊಲದ ಕೆಲಸಕ್ಕೆ ಅಡ್ಡಿಯಾದೀತೆಂದು ಮನೆಯವರು ಸುಮ್ಮನಿರಲು ಹೇಳುತ್ತಾರೆ. ಏನು ಮಾಡಲಿ, ಅಕ್ಕ? (ಸಿರುಗುಪ್ಪ ತಾಲ್ಲೂಕು)

ಉತ್ತರ: ತಿಳಿಸಮ್ಮ, ತಡಮಾಡಬೇಡ. ಅದು ನಿಜಕ್ಕೂ ಎರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಆಗಿದ್ದರೆ, ದೇಶದಲ್ಲಿ ಇನ್ನೂರೂ ಉಳಿಯದ ಹಕ್ಕಿಯೊಂದು ನಿನ್ನ ಹೊಲವನ್ನು ಆರಿಸಿಕೊಂಡಿದೆ. ಕರ್ನಾಟಕದಲ್ಲಿ ಅದು ಉಳಿದಿರುವ ನೆಲೆಯೆಂದು ಹೆಸರಾಗಿರುವುದೇ ನಿಮ್ಮ ಸಿರುಗುಪ್ಪದ ಮಳೆಯಾಶ್ರಿತ ಎರೆ ಭೂಮಿ. ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯನ್ನು ಬರಿನೆಲದ ಮೇಲಿಟ್ಟು, ಸುಮಾರು ನಾಲ್ಕು ವಾರ ಕಾವು ಕೊಡುತ್ತದೆ. ಆ ಮೊಟ್ಟೆಗೆ ಕುಂಟೆ ತಾಗಿದರೆ, ನಾಯಿ ಮುಟ್ಟಿದರೆ ಆ ಸಲದ ಸಂತಾನ ಮುಗಿದಂತೆಯೇ.

ಕಾನೂನಿನ ಮಾತು ಹೇಳುವುದಾದರೆ, ಹಕ್ಕಿಯ ಮೊಟ್ಟೆಗೂ ಗೂಡಿಗೂ ಹಾನಿ ಮಾಡುವುದನ್ನು ಕಾಯ್ದೆಯು ‘ಬೇಟೆ’ಯ ವ್ಯಾಖ್ಯೆಯೊಳಗೇ ಸೇರಿಸಿದೆ. ಅಂದರೆ ಗೂಡಿದೆಯೆಂದು ತಿಳಿದೂ ಅದರ ಮೇಲೆ ಕುಂಟೆ ಹೊಡೆಯುವುದು ಅಪರಾಧವಾಗಬಹುದು, ಗೂಡು ಇದೆಯೆಂಬ ಕಾರಣಕ್ಕೆ ಇಡೀ ಹೊಲದ ಕೆಲಸವನ್ನು ನಿಲ್ಲಿಸೆಂದು ಹೇಳುವ ಪ್ರಕರಣ ಅದರಲ್ಲಿಲ್ಲ. ವಲಯ ಅರಣ್ಯಾಧಿಕಾರಿಗೆ ಲಿಖಿತವಾಗಿ ತಿಳಿಸುವಾಗಲೇ ನಿನ್ನ ಷರತ್ತನ್ನೂ ಬರೆ: ಗೂಡಿನ ಸುತ್ತ ಇಷ್ಟು ಗುಂಟೆಯನ್ನು ಮರಿ ಎದ್ದು ಹೋಗುವವರೆಗೆ ಮುಟ್ಟುವುದಿಲ್ಲ, ಅಷ್ಟರ ಬೆಳೆಯ ಬೆಲೆಯನ್ನು ಇಲಾಖೆಯಿಂದಲೋ ಯಾವುದಾದರೂ ಸಂಸ್ಥೆಯಿಂದಲೋ ಕೊಡಿಸಬೇಕು, ಉಳಿದ ಹೊಲದಲ್ಲಿ ಕೆಲಸ ಎಂದಿನಂತೆ ನಡೆಯುತ್ತದೆ. ಇದೇನೂ ಹೊಸ ಕಲ್ಪನೆಯಲ್ಲ. ಮಧ್ಯಪ್ರದೇಶದ ಸೈಲಾನಾ ಸುತ್ತ ಇದೇ ಜಾತಿಗೆ ಹತ್ತಿರದ ಖರ್‌ಮೋರ್ ಹಕ್ಕಿ ತಮ್ಮ ಹೊಲಕ್ಕೆ ಬಂದುದನ್ನು ತಿಳಿಸಿ ಕಾಪಾಡಿದ ರೈತರಿಗೆ ಅಲ್ಲಿನ ಅರಣ್ಯ ಇಲಾಖೆ ಬಹುಮಾನ ಕೊಟ್ಟಿದೆ. ಒಂದು ಹಂಗಾಮಿನ, ಕೆಲವು ಗುಂಟೆಯ ಇಂತಹ ಸಣ್ಣ ಒಪ್ಪಂದವೇ ನಮ್ಮ ಕಡೆಗೆ ಹೆಚ್ಚು ಒಗ್ಗುತ್ತದೆಂಬುದು ನನ್ನ ನಂಬಿಕೆ.

ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಾಕಲು ಆಳಿಗಾಗಲೀ ಮಕ್ಕಳಿಗಾಗಲೀ ಬಿಡಬೇಡ. ಕ್ಯಾಮೆರಾ ಹಿಡಿದ ಹತ್ತು ಜನ ಗೂಡಿನ ಸುತ್ತ ತಿರುಗಿದರೆ ತಾಯಿ ಮೊಟ್ಟೆ ಬಿಟ್ಟುಹೋಗುತ್ತದೆ. ಒಪ್ಪಂದದಲ್ಲಿಯೂ ನಿನ್ನ ಅನುಮತಿಯಿಲ್ಲದೆ ಯಾರೂ ಒಳಗೆ ಬರಬಾರದು, ಸ್ಥಳವನ್ನು ಪ್ರಕಟಿಸಬಾರದು ಎಂದು ಬರೆಸು.

ಪ್ರಶ್ನೆ: ಒಂದು ಟ್ರಸ್ಟಿನವರು ನಮ್ಮ ಒಣಭೂಮಿಯನ್ನು ವನ್ಯಜೀವಿಗಳಿಗಾಗಿ ಮೂವತ್ತು ವರ್ಷಗಳ ಲಾವಣಿಗೆ (ಗೇಣಿಗೆ) ಕೇಳುತ್ತಿದ್ದಾರೆ. ಕೊಡಬಹುದೇ? (ಸಿಂಧನೂರು ತಾಲ್ಲೂಕು)

ಉತ್ತರ: ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ಕರ್ನಾಟಕ ಭೂಸುಧಾರಣಾ ಕಾಯ್ದೆಯ 5ನೆಯ ಪ್ರಕರಣ, ಸೈನಿಕರಂತಹ ಕೆಲವರಿಗೆ ವಿನಾಯಿತಿ ಕೊಟ್ಟು, ನಿಷೇಧಿಸಿದೆ. ಊರಲ್ಲಿ ಬಾಯಿಮಾತಿನ ಲಾವಣಿ ನಡೆಯುತ್ತಿರುವುದು ಎಲ್ಲರಿಗೂ ಗೊತ್ತು, ಆದರೆ ಮೂವತ್ತು ವರ್ಷದ ಕಾಗದವನ್ನು ಆ ಧೈರ್ಯದ ಮೇಲೆ ಮಾಡುವುದು ತರವಲ್ಲ. ಅಮೆರಿಕದಲ್ಲಿ ಜಮೀನು ಯಾರ ಕೈಗೆ ಹೋದರೂ ಕಾಯಂ ಆಗಿ ಅಂಟಿಕೊಂಡೇ ಇರುವ ಸಂರಕ್ಷಣಾ ಹಕ್ಕನ್ನು ಟ್ರಸ್ಟುಗಳಿಗೆ ಬರೆದುಕೊಡುವ ಪದ್ಧತಿಯಿದೆ. ನಮ್ಮ 1882ರ ಅನುಭೋಗ ಹಕ್ಕುಗಳ ಕಾಯ್ದೆಯಲ್ಲಿ ಒಂದು ಜಮೀನಿನ ಪ್ರಯೋಜನಕ್ಕಾಗಿ ಇನ್ನೊಂದು ಜಮೀನಿನ ಮೇಲೆ ಹಕ್ಕು ಇರಬಹುದೇ ವಿನಾ, ಪಕ್ಕದಲ್ಲಿ ನೆಲವೇ ಇಲ್ಲದ ಟ್ರಸ್ಟಿಗೆ ಅಂತಹ ಹಕ್ಕು ಹುಟ್ಟುವುದಿಲ್ಲ. ಸ್ವಾಧೀನವನ್ನು ನಿಮ್ಮಲ್ಲಿಯೇ ಇಟ್ಟುಕೊಂಡು, ಇಂತಿಂಥ ಕೆಲಸ ಮಾಡುತ್ತೇವೆ ಅಥವಾ ಮಾಡುವುದಿಲ್ಲವೆಂದು ಒಪ್ಪಿ ಪ್ರತಿಫಲ ಪಡೆಯುವ ಅಲ್ಪಾವಧಿಯ ಸೇವಾ ಕರಾರು ಸಾಕು. ಕಾಗದ ಕನ್ನಡದಲ್ಲಿರಲಿ, ಸರ್ವೆ ನಂಬರು ಮತ್ತು ಚೆಕ್ಕುಬಂದಿ ಸ್ಪಷ್ಟವಾಗಿರಲಿ, ಅದರ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ಒಪ್ಪಂದ ಆಗುವವರೆಗೆ ಕಡಲೆ ಹೊಲದ ಸುತ್ತ ರಾತ್ರಿ ತಂತಿಗೆ ಕರೆಂಟ್ ಬಿಡಬಹುದೇ? ಹಂದಿ, ಚಿಗರಿ ಎರಡೂ ಬರುತ್ತವೆ. (ಯಲಬುರ್ಗಾ ತಾಲ್ಲೂಕು)

ಉತ್ತರ: ಬಿಡಬಾರದು. ಮನೆ ಅಥವಾ ಪಂಪ್‌ಸೆಟ್ಟಿನ ಲೈನಿನಿಂದ ನೇರವಾಗಿ ತಂತಿಗೆ ಕರೆಂಟ್ ಕೊಟ್ಟು ಪ್ರಾಣಿ ಸತ್ತರೆ ಅದು ಬೇಟೆಯ ಅಪರಾಧ, ಮನುಷ್ಯ ಸತ್ತರೆ ಇನ್ನೂ ಗಂಭೀರವಾದ ಅಪರಾಧ. ಸತ್ತವನು ಬೆಳಗಿನ ಜಾವ ನೀರು ಹಾಯಿಸಲು ಬಂದ ನಿಮ್ಮ ಮನೆಯವನೇ ಆಗಿರಬಹುದು. ಸೌರ ಬೇಲಿಯ ಯಂತ್ರ ಕ್ಷಣಮಾತ್ರದ ಬಡಿತವನ್ನಷ್ಟೇ ಕೊಡುತ್ತದೆ, ಅದು ಬೇರೆ. ಅದನ್ನೂ ಪರಿಣತರಿಂದಲೇ ಹಾಕಿಸಿರಿ.

ನಷ್ಟದ ವಿಷಯದಲ್ಲಿ ಎರಡು ಕಡೆ ಪ್ರಯತ್ನಿಸಬಹುದು. ಹಾನಿಯಾದ ಕೂಡಲೇ ವಲಯ ಅರಣ್ಯ ಕಚೇರಿಗೆ ಪಹಣಿ ಮತ್ತು ಫೋಟೊಗಳೊಂದಿಗೆ ಅರ್ಜಿ ಕೊಟ್ಟು, ಸಿಬ್ಬಂದಿ ಬಂದು ನೋಡುವವರೆಗೆ ಆ ಭಾಗವನ್ನು ಹರಗದೆ ಬಿಡಬೇಕು. ಇನ್ನೊಂದು ಬೆಳೆ ವಿಮೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ವನ್ಯಪ್ರಾಣಿಗಳಿಂದಾಗುವ ಹಾನಿಯನ್ನು 2026ರ ಮುಂಗಾರಿನಿಂದ ಹೆಚ್ಚುವರಿ ರಕ್ಷಣೆಯಾಗಿ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಯಾವ ಪ್ರಾಣಿಗಳು, ಯಾವ ಜಿಲ್ಲೆಗಳು ಎಂಬುದನ್ನು ರಾಜ್ಯ ಸರ್ಕಾರ ಅಧಿಸೂಚಿಸಬೇಕು, ಹಾನಿಯನ್ನು 72 ಗಂಟೆಗಳೊಳಗೆ ಫೋಟೊ ಸಮೇತ ವಿಮೆಯ ಆ್ಯಪ್‌ನಲ್ಲಿ ದಾಖಲಿಸಬೇಕು. ಕಂತು ಕಟ್ಟುವ ದಿನವೇ ರೈತ ಸಂಪರ್ಕ ಕೇಂದ್ರದಲ್ಲಿ ನಿಮ್ಮ ಬೆಳೆಗೂ ನಿಮ್ಮ ಹೋಬಳಿಗೂ ಇದು ಅನ್ವಯಿಸುತ್ತದೆಯೇ, ಪ್ರಾಣಿಗಳ ಪಟ್ಟಿಯಲ್ಲಿ ಹಂದಿಯ ಜೊತೆಗೆ ಚಿಗರಿಯ ಹೆಸರೂ ಇದೆಯೇ ಎಂದು ಕೇಳಿ ತಿಳಿದುಕೊಳ್ಳಿರಿ.